ಒಡೆದ ಹಾಲು ಯಾರ ಸ್ವತ್ತು?

ಹಾಲು ಒಡೆದರೆ ಗೃಹಿಣಿಗೆ ಚಿಂತೆ. ಪೂರ್ವ ಭಾರತದಲ್ಲಿ ಮಾತ್ರ ಅದನ್ನು ಬೇಕೆಂದೇ ಒಡೆಸುತ್ತಾರೆ. ಕಾದ ಹಾಲಿಗೆ ನಿಂಬೆರಸ ಹಿಂಡಿ, ನೀರು ಬಸಿದು, ಉಳಿದ ‘ಛೇನಾ’ವನ್ನು ನುಣ್ಣಗೆ ನಾದಿ ಉಂಡೆ ಕಟ್ಟಿ, ಸಕ್ಕರೆ ಪಾಕದಲ್ಲಿ ಬೇಯಿಸಿದರೆ ರಸಗುಲ್ಲಾ ಸಿದ್ಧ.

ಈ ಉಂಡೆಗಾಗಿ ಎರಡು ರಾಜ್ಯಗಳೇ ಜಗಳಕ್ಕಿಳಿದವು. 1868ರಲ್ಲಿ ಕಲ್ಕತ್ತೆಯ ಬಾಗ್‌ಬಜಾರಿನ ನಬೀನ್‌ಚಂದ್ರ ದಾಸ್ ಇದನ್ನು ತಯಾರಿಸಿದರೆಂಬುದು ಬಂಗಾಳದ ವಾದ. ರಥಯಾತ್ರೆ ಮುಗಿಸಿ ಗುಡಿಗೆ ಮರಳುವ ಪುರಿಯ ಜಗನ್ನಾಥ, ಮುನಿದ ಲಕ್ಷ್ಮಿಯನ್ನು ರಸಗುಲ್ಲಾ ಕೊಟ್ಟು ಒಲಿಸಿಕೊಳ್ಳುವ ಆಚರಣೆಯನ್ನು ಒಡಿಶಾ ಮುಂದಿಟ್ಟಿತು.

‘ಬಾಂಗ್ಲಾರ್ ರಸೊಗೊಲ್ಲಾ’ಕ್ಕೆ 2017ರಲ್ಲಿ, ‘ಒಡಿಶಾ ರಸಗೋಲಾ’ಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದು ಆಯಾ ಪ್ರದೇಶದ ವಿಶಿಷ್ಟ ತಯಾರಿಕೆಗೆ ಕೊಡುವ ರಕ್ಷಣೆಯೇ ಹೊರತು, ಮೊದಲು ಮಾಡಿದವರು ಯಾರೆಂಬ ತೀರ್ಪಲ್ಲ. ಹೆಸರಿಗೆ ಒಡೆತನವುಂಟು, ಮನೆಯಲ್ಲಿ ಹಾಲು ಒಡೆಸಲು ಯಾರ ಅಪ್ಪಣೆಯೂ ಬೇಡ.