ಒಂದೇ ಸರೋವರ, ಮೂರು ಹೆಸರು, ಮುಗಿಯದ ಗಡಿ

ಭಾಗ 1/8: ಹೆಸರು ಹೇಳಿದ್ರೆ ಯಾವ ಕಡೆಯವರು ಅಂತ ಗೊತ್ತಾಗುತ್ತೆ

ಪೂರ್ವ ಆಫ್ರಿಕಾದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಉದ್ದುದ್ದ ಮಲಗಿರೋ ಒಂದು ಸರೋವರ ಇದೆ. ಪಶ್ಚಿಮ ದಡದಲ್ಲಿ ನಿಂತು ಇದೇನು ಅಂತ ಕೇಳಿದ್ರೆ ‘ಮಲಾವಿ ಸರೋವರ’ ಅಂತಾರೆ, ಯಾಕಂದ್ರೆ ಅದು ಮಲಾವಿ ದೇಶ. ಈಶಾನ್ಯ ದಡದ ಟಾಂಜಾನಿಯಾದಲ್ಲಿ ಕೇಳಿದ್ರೆ ‘ನ್ಯಾಸಾ ಸರೋವರ’. ಅದೇ ಪೂರ್ವ ದಡದಲ್ಲಿ ಇನ್ನೂ ಕೆಳಗೆ, ಮೊಜಾಂಬಿಕ್‌ಗೆ ಬಂದ್ರೆ ಪೋರ್ಚುಗೀಸ್ ಬಾಯಲ್ಲಿ ‘ಲಾಗೋ ನಿಯಾಸಾ’.

ಅಳತೆ ಹೇಳ್ಬಿಡ್ತೀನಿ. ಉದ್ದ ಸುಮಾರು 580 ಕಿ.ಮೀ. ಬೆಂಗಳೂರಿಂದ ಬೆಳಗಾವಿಗೆ ರಸ್ತೆಯಲ್ಲಿ ಹೋಗೋದಕ್ಕಿಂತ ಜಾಸ್ತಿ! ಅತಿ ಅಗಲ ಇರೋ ಕಡೆ ಸುಮಾರು 75 ಕಿ.ಮೀ. ಆಳ 700 ಮೀಟರ್‌ಗೆ ಹತ್ತಿರ. ವಿಸ್ತೀರ್ಣ ಸುಮಾರು 29,600 ಚದರ ಕಿ.ಮೀ. ಆಫ್ರಿಕಾದಲ್ಲಿ ಇದು ಮೂರನೇ ದೊಡ್ಡ ಸರೋವರ.

ಇಷ್ಟು ನೀರಿನ ಮೇಲೆ ಗಡಿ ಎಲ್ಲಿ ಹೋಗುತ್ತೆ? ನಡುವೆನಾ, ದಡದಲ್ಲಾ? ಈ ಒಂದು ಪ್ರಶ್ನೆಗೆ 50 ವರ್ಷಕ್ಕೂ ಮೇಲಿಂದ ಎರಡು ದೇಶ ಎರಡು ಉತ್ತರ ಕೊಡ್ತಾ ಬಂದಿವೆ. ಅದರ ಕಥೆ ಈ ಸಲದ ಸರಣಿ.

ಭಾಗ 2/8: ‘ಸರೋವರ ಸರೋವರ’

ಡೇವಿಡ್ ಲಿವಿಂಗ್‌ಸ್ಟನ್ ಅನ್ನೋ ಸ್ಕಾಟ್‌ಲೆಂಡಿನ ಮಿಷನರಿ 1859ರ ಸೆಪ್ಟೆಂಬರ್‌ನಲ್ಲಿ ಈ ಸರೋವರದ ದಕ್ಷಿಣದ ತುದಿಗೆ ಬಂದ. ಅಲ್ಲಿನ ಜನರ ಬಾಯಲ್ಲಿ ಕೇಳಿದ್ದು ‘ನ್ಯಾಸಾ’ ಅನ್ನೋ ಪದ. ಅದನ್ನೇ ಹೆಸರು ಅಂತ ಇಂಗ್ಲಿಷ್ ಭೂಪಟದಲ್ಲಿ ಬರೆದ್ರು: ಲೇಕ್ ನ್ಯಾಸಾ.

ಮಜಾ ಏನು ಗೊತ್ತಾ? ಅಲ್ಲಿನ ಯಾವೋ ಭಾಷೆಯಲ್ಲಿ ನ್ಯಾಸಾ ಅಂದ್ರೇನೇ ಸರೋವರ. ಪಕ್ಕದ ಚಿಚೇವಾ ಭಾಷೆಯಲ್ಲಿ ‘ನ್ಯಾಂಜಾ’ ಅಂದ್ರೂ ಅದೇ ಅರ್ಥ. ಅಂದ್ರೆ ಲೇಕ್ ನ್ಯಾಸಾ ಅಂದ್ರೆ ‘ಸರೋವರ ಸರೋವರ’! ನಗ್ಬೇಡಿ, ನಾವೂ ಲಡಾಖ್ ಫೋಟೋ ಹಾಕುವಾಗ ‘ಪ್ಯಾಂಗಾಂಗ್ ತ್ಸೋ ಲೇಕ್’ ಅಂತ ಬರೀತೀವಿ. ‘ತ್ಸೋ’ ಅಂದ್ರೂ ಸರೋವರಾನೇ.

ದಡದಲ್ಲಿ ಬದುಕೋ ಜನಕ್ಕೆ ಬೇರೆ ಹೆಸರು ಯಾಕೆ ಬೇಕು ಹೇಳಿ. ನಮ್ಮ ಮಲೆನಾಡಿನ ಊರುಗಳಲ್ಲಿ ‘ಹೊಳೆಗೆ ಹೋಗಿ ಬಂದೆ’ ಅಂತಾರೆ, ಅಷ್ಟೇ. ಯಾವ ಹೊಳೆ ಅಂತ ಯಾರೂ ಕೇಳಲ್ಲ. ಊರಿಗೆ ಇರೋದೇ ಅದೊಂದು. ನ್ಯಾಸಾ ಕೂಡ ಹಂಗೇ, ಯಾರ ಸ್ವತ್ತು ಅಂತ ಹೇಳದ ಒಂದು ಪದ.

‘ಮಲಾವಿ’ ಅನ್ನೋದೂ ನಿನ್ನೆ ಮೊನ್ನೆ ಹುಟ್ಟಿಸಿದ ಹೆಸರಲ್ಲ. ಆ ಭಾಗದಲ್ಲಿ ಹಿಂದೆ ‘ಮರಾವಿ’ ಅನ್ನೋ ರಾಜ್ಯ ಇತ್ತು. ಲಿವಿಂಗ್‌ಸ್ಟನ್ ಬರೋಕ್ಕಿಂತ ನೂರು ವರ್ಷ ಮೊದಲಿನ ಯುರೋಪಿನ ಭೂಪಟಗಳಲ್ಲೇ ‘ಮರಾವಿ ಸರೋವರ’ ಅಂತ ಕಾಣಿಸುತ್ತೆ. ಹಾಗಾಗಿ ಒಂದು ಹೆಸರು ಅಸಲಿ, ಇನ್ನೊಂದು ನಕಲಿ ಅಂತ ಹೇಳಕ್ಕಾಗಲ್ಲ. ಎರಡಕ್ಕೂ ಬೇರು ಇದೆ.

ಭಾಗ 3/8: ಬರ್ಲಿನ್‌ನಲ್ಲಿ ಒಂದು ಸಹಿ

1875ರಲ್ಲಿ ಸ್ಕಾಟಿಷ್ ಮಿಷನರಿಗಳು ‘ಇಲಾಲಾ’ ಅನ್ನೋ ಸಣ್ಣ ಹಬೆ ದೋಣಿಯನ್ನ ಈ ಸರೋವರಕ್ಕೆ ಇಳಿಸಿದ್ರು. ಅವರ ಹಿಂದೆ ವ್ಯಾಪಾರಿಗಳೂ ಬಂದ್ರು. ಒಳ್ಳೆ ರಸ್ತೆ ಇಲ್ಲದ ಸೀಮೆಯಲ್ಲಿ ಸರೋವರವೇ ಹೆದ್ದಾರಿ. ಆ ಹೆದ್ದಾರಿ ತಮ್ಮ ಕೈಯಲ್ಲೇ ಇರಬೇಕು ಅನ್ನೋದು ಬ್ರಿಟಿಷರ ಆಸೆ. ಪೂರ್ವದ ಕಡೆಯಿಂದ ಜರ್ಮನ್ನರು ನೆಲ ಹಿಡೀತಾ ಬರ್ತಿದ್ರು.

1890ರ ಜುಲೈ 1ರಂದು ಬ್ರಿಟನ್ ಮತ್ತು ಜರ್ಮನಿ ಬರ್ಲಿನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಚರಿತ್ರೆ ಪುಸ್ತಕದಲ್ಲಿ ಇದು ‘ಹೆಲಿಗೋಲ್ಯಾಂಡ್–ಜಾಂಜಿಬಾರ್ ಒಪ್ಪಂದ’. ಹೆಲಿಗೋಲ್ಯಾಂಡ್ ಅನ್ನೋದು ಯುರೋಪಿನ ಉತ್ತರ ಸಮುದ್ರದ ಪುಟಾಣಿ ದ್ವೀಪ, ಅದು ಜರ್ಮನಿಗೆ. ಜಾಂಜಿಬಾರ್ ಮೇಲಿನ ಹಿಡಿತ ಬ್ರಿಟನ್‌ಗೆ. ಅದೇ ಕಾಗದದ ಮೊದಲನೇ ವಿಧಿಯಲ್ಲಿ ನಮ್ಮ ಸರೋವರದ ಹಣೆಬರಹ ಇದೆ: ಗಡಿ ರೇಖೆ ಸರೋವರದ ಪೂರ್ವ, ಉತ್ತರ ಮತ್ತು ಪಶ್ಚಿಮ ದಡಗಳನ್ನ ಹಿಡಿದು ಸೋಂಗ್ವೆ ನದಿಯ ಮುಖದವರೆಗೆ ಹೋಗುತ್ತೆ.

ಗಮನಿಸಿ, ರೇಖೆ ನೀರಿನ ನಡುವೆ ಇಲ್ಲ, ಜರ್ಮನ್ ಕಡೆಯ ದಡದ ಮೇಲಿದೆ. ಅಂದ್ರೆ ಜರ್ಮನಿಗೆ ಮರಳು ಸಿಕ್ತು, ನೀರೆಲ್ಲ ಬ್ರಿಟನ್‌ಗೆ ಹೋಯ್ತು. ಆ ದಡದಲ್ಲಿ ಮೀನು ಹಿಡಿದು ಬದುಕ್ತಿದ್ದ ಒಬ್ಬರನ್ನೂ ಯಾರೂ ಒಂದು ಮಾತು ಕೇಳಲಿಲ್ಲ.

ಅದೇ ಕಾಗದದಲ್ಲಿ ಇನ್ನೊಂದು ಸಾಲಿದೆ. ಆರನೇ ವಿಧಿ: ಸ್ಥಳೀಯ ಅಗತ್ಯ ನೋಡಿಕೊಂಡು, ಇಬ್ಬರೂ ಒಪ್ಪಿದ್ರೆ ಈ ರೇಖೆಗಳನ್ನ ಸರಿಪಡಿಸಬಹುದು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಭಾಗ 4/8: ಯುದ್ಧ ಶುರುವಾಗಿದ್ದು ಗೊತ್ತಿಲ್ಲದ ಕ್ಯಾಪ್ಟನ್

ಈ ಸರೋವರದಲ್ಲಿ ಎರಡು ಸಶಸ್ತ್ರ ಹಡಗು ಇದ್ದವು. ಬ್ರಿಟಿಷರದ್ದು ‘ಗ್ವೆಂಡೊಲೆನ್’, ಕ್ಯಾಪ್ಟನ್ ರೋಡ್ಸ್. ಜರ್ಮನ್ನರದ್ದು ‘ಹರ್ಮನ್ ಫಾನ್ ವಿಸ್‌ಮನ್’, ಕ್ಯಾಪ್ಟನ್ ಬೆರ್ನ್ಟ್. ಇಬ್ಬರೂ ಹಳೇ ದೋಸ್ತ್‌ಗಳು, ಸಿಕ್ಕಾಗ ಒಟ್ಟಿಗೆ ಕೂತು ಕುಡೀತಿದ್ದವರು.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಸುದ್ದಿ ಬ್ರಿಟಿಷ್ ಕಡೆಗೆ ಮೊದಲು ತಲುಪ್ತು. ಆಗಸ್ಟ್ 13ರಂದು ರೋಡ್ಸ್ ತನ್ನ ಹಡಗು ತಗೊಂಡು ಸ್ಫಿಂಕ್ಸ್‌ಹಾವೆನ್ ಅನ್ನೋ ಜರ್ಮನ್ ಬಂದರಿಗೆ ಬಂದು ಗುಂಡು ಹಾರಿಸಿದ. ಜರ್ಮನ್ ಹಡಗು ಆಗ ರಿಪೇರಿಗೆ ದಡದ ಮೇಲೆ ಎಳೆದಿಟ್ಟಿತ್ತು. ಬೆರ್ನ್ಟ್ ಸಣ್ಣ ದೋಣಿ ಹತ್ತಿ, ‘ನಿಂಗೇನು ತಲೆ ಕೆಟ್ಟಿದೆಯಾ’ ಅನ್ನೋ ಸಿಟ್ಟಲ್ಲೇ ಗೆಳೆಯನ ಹತ್ತಿರ ಬಂದ. ಯುದ್ಧ ಶುರುವಾಗಿರೋದು ಅವನಿಗೆ ಗೊತ್ತಾಗಿದ್ದು ಅಲ್ಲೇ, ಸೆರೆಯಾಗಿದ್ದೂ ಅಲ್ಲೇ.

ಆ ಬಂದರಿನ ಈಗಿನ ಹೆಸರು ಲಿಯುಲಿ. ಅದು ಟಾಂಜಾನಿಯಾದಲ್ಲಿದೆ.

ಭಾಗ 5/8: ಎರಡೂ ದಡ ಒಬ್ಬನದೇ ಆದಾಗ

ಯುದ್ಧದಲ್ಲಿ ಜರ್ಮನಿ ಸೋತಿತು. ಪೂರ್ವ ದಡದ ಜರ್ಮನ್ ವಸಾಹತು ‘ಟಾಂಗನಿಕಾ’ ಅನ್ನೋ ಹೆಸರಲ್ಲಿ ಬ್ರಿಟನ್ ಆಡಳಿತಕ್ಕೆ ಬಂತು. ಪಶ್ಚಿಮದ ದಡ 1907ರಿಂದಲೇ ‘ನ್ಯಾಸಾಲ್ಯಾಂಡ್’, ಅದೂ ಬ್ರಿಟನ್‌ದೇ. ಎರಡೂ ದಡ ಒಬ್ಬನ ಕೈಯಲ್ಲೇ ಇದ್ದಾಗ ನಡುವಿನ ಗೆರೆ ಎಲ್ಲಿದ್ರೆ ಅವನಿಗೇನು? ಆ ಕಾಲದ ಕೆಲವು ಬ್ರಿಟಿಷ್ ವರದಿ, ನಕ್ಷೆಗಳಲ್ಲಿ ಗಡಿ ಸರೋವರದ ನಡುವೆ ಇದೆ, ಇನ್ನು ಕೆಲವದರಲ್ಲಿ ದಡದಲ್ಲಿದೆ. ಮುಂದೆ ಎರಡೂ ದೇಶಗಳಿಗೆ ತಮ್ಮ ಪರ ವಾದಕ್ಕೆ ದಾಖಲೆ ಸಿಕ್ಕಿದ್ದು ಹೀಗೆ.

ಮೊಜಾಂಬಿಕ್ ಕಡೆ ಮಾತ್ರ ಕೆಲಸ ನೀಟಾಗಿ ಆಯ್ತು. ಅಲ್ಲೂ ಮೊದಲು ಗಡಿ ದಡದಲ್ಲೇ ಇತ್ತು. 1954ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಕೂತು ಮಾತಾಡಿ ಅದನ್ನ ಸರೋವರದ ನಡುವಿಗೆ ತಂದವು. ಲಿಕೋಮಾ, ಚಿಜುಮುಲು ಅನ್ನೋ ಎರಡು ದ್ವೀಪ ಮಾತ್ರ ನ್ಯಾಸಾಲ್ಯಾಂಡ್‌ಗೇ ಉಳಿದವು, ಲಿಕೋಮಾ ಆಂಗ್ಲಿಕನ್ ಮಿಷನ್ನಿನ ಕೇಂದ್ರ ಆಗಿತ್ತು. ಇವತ್ತಿಗೂ ಆ ದ್ವೀಪಗಳು ಮಲಾವಿಯವು, ಸುತ್ತಲಿನ ನೀರು ಮೊಜಾಂಬಿಕ್‌ದು.

ಭಾಗ 6/8: ಸ್ವಾತಂತ್ರ್ಯ ಬಂತು, ಹೆಸರೂ ಬಂತು

1961ರಲ್ಲಿ ಟಾಂಗನಿಕಾ ಸ್ವತಂತ್ರ ಆಯ್ತು. 1964ರಲ್ಲಿ ಜಾಂಜಿಬಾರ್ ಜೊತೆ ಸೇರಿ ಟಾಂಜಾನಿಯಾ ಆಯ್ತು. ಅದೇ 1964ರ ಜುಲೈ 6ರಂದು ನ್ಯಾಸಾಲ್ಯಾಂಡ್ ಕೂಡ ಸ್ವತಂತ್ರ ಆಗಿ ‘ಮಲಾವಿ’ ಅಂತ ಹೊಸ ಹೆಸರು ಇಟ್ಕೊಳ್ತು. ನಾಯಕ ಹೇಸ್ಟಿಂಗ್ಸ್ ಬಾಂಡಾ. ದೇಶದ ಹೆಸರು ಬದಲಾದ ಮೇಲೆ ಸರೋವರವೂ ಅವರಿಗೆ ‘ಮಲಾವಿ ಸರೋವರ’ ಆಯ್ತು.

ಈಗ ಟಾಂಜಾನಿಯಾದವರ ಜಾಗದಲ್ಲಿ ನಿಂತು ನೋಡಿ. ಸರೋವರಕ್ಕೆ ಪಕ್ಕದ ದೇಶದ ಹೆಸರು. ಅದನ್ನ ಒಪ್ಪಿದ್ರೆ ನೀರೂ ಅವರದೇ ಅಂತ ಒಪ್ಪಿದ ಹಾಗೆ ಕಾಣುತ್ತೆ. 1967ರಲ್ಲಿ ಜೂಲಿಯಸ್ ನ್ಯೆರೆರೆ ಸರ್ಕಾರ, ಗಡಿ ಸರೋವರದ ನಡುವೆ ಇದೆ ಅಂತ ಬಹಿರಂಗವಾಗಿ ಹೇಳಿತು. ಹೆಸರು ‘ನ್ಯಾಸಾ’ ಅಂತಲೇ ಉಳೀತು.

ಆದ್ರೆ ಒಂದು ತೊಡಕು. 1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕಾದ ನಾಯಕರು, ಸ್ವಾತಂತ್ರ್ಯ ಬಂದ ದಿನ ಗಡಿ ಎಲ್ಲಿತ್ತೋ ಅದನ್ನೇ ಗೌರವಿಸೋಣ ಅಂತ ನಿರ್ಣಯ ಮಾಡಿದ್ರು. ಆ ನಿರ್ಣಯದ ಪರ ಮುಂದೆ ನಿಂತವರಲ್ಲಿ ಇದೇ ನ್ಯೆರೆರೆ ಇದ್ರು! ಮಲಾವಿ ಇವತ್ತಿಗೂ ಹಿಡಿಯೋದು ಇದನ್ನೇ: ‘ನೀವೇ ಒಪ್ಪಿದ್ದು, 1890ರ ಕಾಗದ ನೋಡಿ.’

ಭಾಗ 7/8: ಎಣ್ಣೆ ವಾಸನೆ ಬಂದಾಗ

ಆಮೇಲೆ ಎಷ್ಟೋ ವರ್ಷ ಜಗಳ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. 2011ರಲ್ಲಿ ಮಲಾವಿ, ಸರೋವರದಲ್ಲಿ ಎಣ್ಣೆ ಹುಡುಕೋಕೆ ಬ್ರಿಟನ್‌ನ ಒಂದು ಕಂಪನಿಗೆ ಲೈಸೆನ್ಸ್ ಕೊಡ್ತು. 2012ರಲ್ಲಿ ಟಾಂಜಾನಿಯಾ, ಗಡಿ ತೀರ್ಮಾನ ಆಗೋವರೆಗೂ ನಿಲ್ಲಿಸಿ ಅಂತು. ಅದೇ ಸುಮಾರಿಗೆ ತನ್ನ ದಡದಲ್ಲಿ ‘ನ್ಯಾಸಾ’ ಅನ್ನೋ ಹೆಸರಿನ ಹೊಸ ಜಿಲ್ಲೆಯನ್ನೇ ಮಾಡ್ತು. ಮೊಜಾಂಬಿಕ್‌ನ ಮಾಜಿ ಅಧ್ಯಕ್ಷ ಜೊಆಕಿಂ ಚಿಸಾನೋ ಮುಂದಾಳುತನದಲ್ಲಿ ಹಿರಿಯ ನಾಯಕರು ಮಧ್ಯಸ್ಥಿಕೆಗೆ ಕೂತರು. ಇತ್ಯರ್ಥ ಆಗಲಿಲ್ಲ.

ಎಣ್ಣೆ ಇನ್ನೂ ನೆಲದೊಳಗಿನ ಲೆಕ್ಕ. ಮೀನು ಹಾಗಲ್ಲ, ದಿನದ ಊಟ. ದಡದಲ್ಲಿ ಚಪ್ಪರದ ಹಾಗೆ ಕಟ್ಟಿದ ತಟ್ಟಿಗಳ ಮೇಲೆ ‘ಉಸಿಪಾ’ ಅನ್ನೋ ಬೆಳ್ಳಿ ಬಣ್ಣದ ಸಣ್ಣ ಮೀನು ಒಣಗಿಸ್ತಾರೆ. ನಮ್ಮ ಕರಾವಳಿಯ ಒಣಮೀನಿನ ಹಾಗೇ. ಈ ಸರೋವರದಲ್ಲಿ ನೂರಾರು ಜಾತಿಯ ಸಿಕ್ಲಿಡ್ ಮೀನುಗಳಿವೆ, ಅದರಲ್ಲಿ ಹೆಚ್ಚಿನವು ಪ್ರಪಂಚದಲ್ಲಿ ಬೇರೆಲ್ಲೂ ಹುಟ್ಟಲ್ಲ. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ‘ಮಲಾವಿ ಸಿಕ್ಲಿಡ್’ ಅಂತ ಮಾರೋ ನೀಲಿ, ಹಳದಿ ಮೀನುಗಳ ಮೂಲ ಮನೆ ಇದೇ.

1890ರ ಗೆರೆಯನ್ನ ಅಕ್ಷರಶಃ ತಗೊಂಡ್ರೆ, ಟಾಂಜಾನಿಯಾ ದಡದ ಮೀನುಗಾರ ಬಲೆ ಹಿಡಿದು ನೀರಿಗೆ ಕಾಲಿಟ್ಟ ಕೂಡಲೇ ಬೇರೆ ದೇಶ. ಅವನ ಮನೆಯ ಹೆಣ್ಣುಮಗಳು ಕೊಡ ಮುಳುಗಿಸಿದ್ರೂ ಬೇರೆ ದೇಶ.

ಭಾಗ 8/8: ಲೆಕ್ಕ ಹಾಕಿ ನೋಡಿದ್ರೆ

ನಾನು ಕಾಮರ್ಸ್ ಓದೋನು, ಹಾಗಾಗಿ ಇದು ನನಗೆ ಕಾಂಟ್ರ್ಯಾಕ್ಟ್ ಪಾಠದ ಥರಾನೇ ಕಾಣುತ್ತೆ. ಬಿಸಿನೆಸ್ ಲಾ ಕ್ಲಾಸಲ್ಲಿ ಒಂದು ತತ್ವ ಓದ್ತೀವಲ್ಲ: ಕರಾರಿಗೆ ಸೇರದವರ ತಲೆ ಮೇಲೆ ಆ ಕರಾರಿನ ಹೊರೆ ಹೊರಿಸೋ ಹಾಗಿಲ್ಲ. ದೇಶಗಳ ಗಡಿಗೆ ಈ ನಿಯಮ ನಡೆಯಲ್ಲ. ಸಹಿ ಹಾಕಿದ ಇಬ್ಬರೂ ಅಲ್ಲಿಂದ ಯಾವಾಗಲೋ ಎದ್ದು ಹೋದ್ರು, ಹೊರೆ ಮಾತ್ರ ದಡದವರ ತಲೆ ಮೇಲೇ ಉಳೀತು.

ಹಾಗಂತ ಮಲಾವಿಯ ವಾದವನ್ನ ತಳ್ಳಿ ಹಾಕೋಕೂ ಆಗಲ್ಲ. ಹಳೇ ಗಡಿಯನ್ನೆಲ್ಲ ಕೆದಕ್ತಾ ಹೋದ್ರೆ ಆಫ್ರಿಕಾದಲ್ಲಿ ಎಷ್ಟು ಬೆಂಕಿ ಹತ್ಕೊಳ್ಳುತ್ತೆ ಅನ್ನೋ ಭಯದಿಂದಲೇ ಕೈರೋ ನಿರ್ಣಯ ಬಂದಿದ್ದು. ಮಲಾವಿಗೆ ಸಮುದ್ರವೂ ಇಲ್ಲ, ಇರೋದು ಈ ಸರೋವರ. ಅದರ ಹಟಕ್ಕೂ ಕಾರಣ ಇದೆ.

ಆದ್ರೆ ದಾರಿ ಅದೇ ಹಳೇ ಕಾಗದದಲ್ಲಿದೆ. ಆರನೇ ವಿಧಿ ನೆನಪಿದೆಯಾ? ಸ್ಥಳೀಯ ಅಗತ್ಯ ನೋಡಿ, ಒಪ್ಪಿಗೆಯಿಂದ ಗೆರೆ ಸರಿಪಡಿಸಬಹುದು. 1954ರಲ್ಲಿ ಮೊಜಾಂಬಿಕ್ ಕಡೆ ಗೆರೆ ನಡುವಿಗೆ ಬಂತು, ದ್ವೀಪಗಳಲ್ಲಿ ಇದ್ದವರನ್ನ ಯಾರೂ ಎಬ್ಬಿಸಲಿಲ್ಲ. ಒಪ್ಪಂದ ಹರಿದು ಹಾಕದೇನೂ ಗಡಿ ಬದಲಾಯಿಸಬಹುದು ಅನ್ನೋದಕ್ಕೆ ಅದೇ ಸರೋವರ ಸಾಕ್ಷಿ. ಉತ್ತರದಲ್ಲೂ ಹಾಗೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಗೆರೆ ಎಲ್ಲೇ ಬರಲಿ, ದಡದವರ ನೀರು ಮತ್ತು ಬಲೆಯ ಹಕ್ಕು ಮೊದಲು ಬರೆದಿಡಬೇಕು.

ಹೆಸರು? ಅವರವರು ಕರೆಯೋ ಹಾಗೆ ಕರೀಲಿ. ಆ ದಡದ ಜನ ಮೊದಲು ಅದನ್ನ ಬರೀ ‘ಸರೋವರ’ ಅಂದಿದ್ರು, ಅಷ್ಟೇ ಸಾಕಾಗಿತ್ತು ಅವರಿಗೆ.

ನಿಮಗೇನನ್ಸುತ್ತೆ? ಗೆರೆ ದಡದಲ್ಲಾ, ನಡುವೆನಾ? ಕಾಮೆಂಟಲ್ಲಿ ಬರೀರಿ, ಯಾಕೆ ಅಂತಾನೂ ಬರೀರಿ. ಇಂಟರ್ನಲ್ಸ್ ಮುಗಿದ ಮೇಲೆ ಮುಂದಿನ ಸರಣಿ.

#ಕನ್ನಡದಲ್ಲಿಚರಿತ್ರೆ #ನ್ಯಾಸಾ #ಮಲಾವಿ #ಗಡಿಕಥೆಗಳು