ಆನಂದಿಬಾಯಿ ಫಿಲಡೆಲ್ಫಿಯಾಕ್ಕ ಯಾಕ ಹೋದ್ಲು?

ಹೋದ ಶುಕ್ರವಾರ ಅರಿಷಿಣ-ಕುಂಕುಮಕ್ಕ ಬಂದಾಗ ನಮ್ಮ ಓಣಿಯ ಮೌಶಿ ಒಬ್ಬರು ಕೇಳಿದ್ರು, "ನಿಮ್ಮ ತಮ್ಮನ ಮಗಳು ಅಮೇರಿಕಾಕ್ಕ ಹೊಂಟಾಳಂತಲ್ಲಾ, ಯಾವ ಯೂನಿವರ್ಸಿಟಿರೀ?" ನಾ ಹೆಸರು ಹೇಳಿದೆ. ಮೌಶಿ ಕೈಯಾಗಿನ ಚಹಾದ ಕಪ್ಪು ಕೆಳಗಿಟ್ಟು, "ಅದೆಲ್ಲಿ ಬರ್ತದವಾ? ಕೇಳಿದ ಹೆಸರ ಅಲ್ಲಲ್ಲಾ" ಅಂದ್ರು. ಅಲ್ಲಿ ಕೂತಿದ್ದ ನಾಲ್ಕು ಮಂದಿ ಒಳಗ ಮೂರು ಮಂದಿ ತಲಿ ಅಲ್ಲಾಡಿಸಿದ್ರು.

ನಮ್ಮ ಮನ್ಯಾಗ ಎರಡು ತಿಂಗಳಿಂದ ಇದ ಮಾತು ನಡದದ. ಹುಡುಗಿಗೆ ಎರಡು ಕಡೆಯಿಂದ ಪತ್ರ ಬಂದಾವ. ಒಂದು ದೊಡ್ಡ ಹೆಸರಿನ ಯೂನಿವರ್ಸಿಟಿ, ದೊಡ್ಡ ಶಹರ, ಪೂರ್ತಿ ಫೀ ನಾವ ಕಟ್ಟಬೇಕು. ಇನ್ನೊಂದು ಸಣ್ಣ ಊರಿಂದು. ಅಲ್ಲಿ ಫೀ ಮಾಫು ಮಾಡಿ, ಪ್ರೊಫೆಸರ್ ಕೈಕೆಳಗ ಕೆಲಸ ಕೊಟ್ಟು ತಿಂಗಳಾ ರೊಕ್ಕಾನೂ ಕೊಡ್ತೇವಿ ಅಂದಾರ. ಏಪ್ರಿಲ್ 15ರೊಳಗ ಹೂಂ ಅನಬೇಕು, ಇಲ್ಲಾ ಊಂಹೂಂ ಅನಬೇಕು. ನನ್ನ ತಮ್ಮಗ ದೊಡ್ಡ ಹೆಸರಿನ ಮ್ಯಾಲ ಮನಸ್ಸು. ಬ್ಯಾಂಕಿಗೆ ಮನಿ ಪತ್ರ ಕೊಡಲಿಕ್ಕೂ ತಯಾರಾಗಿ ಕೂತಾನ. ಹುಡುಗಿ ಒಂದಿನ ರಾತ್ರಿ ನನ್ನ ಹತ್ರ ಬಂದು ಕೂತು, "ಅತ್ಯಾ, ನೀ ಏನಂತಿ?" ಅಂತ ಕೇಳಿದ್ಲು.

ನಾ ಪಿ.ಯು.ಸಿ. ಮುಗಿಸಿ ನಿಂತಾಕಿ. ನನಗೇನ ತಿಳೀತದ? ಆದ್ರ ನಮ್ಮ ಅಜ್ಜಿ ಮರಾಠಿ ಓದ್ತಿದ್ರು. ಅವರ ಕಪಾಟಿನ್ಯಾಗ 'ಆನಂದಿ ಗೋಪಾಳ' ಅನ್ನೋ ಕಾದಂಬರಿ ಇತ್ತು. ಮಧ್ಯಾಹ್ನ ಶೇಂಗಾ ಬಿಡಿಸಿಕೋತ ಆ ಕಥಿ ನಮಗ ಕನ್ನಡದಾಗ ಹೇಳ್ತಿದ್ರು. ಈಗ ಮತ್ತ ಅದನ್ನ ಹುಡುಕಿ ಓದಿದೆ, ಅದರ ಜೋಡಿ ಇನ್ನ ಒಂದಿಷ್ಟು ಓದಿದೆ. ಓದಿದ್ದು ನಿಮಗೂ ಹೇಳ್ತೀನಿ. ಯಾಕಂದ್ರ ಇವತ್ತು ಇಲ್ಲಾ ನಾಳೆ ನಿಮ್ಮ ಮನ್ಯಾಗೂ ಈ ಮಾತು ಬರೂದ.

ಆನಂದಿಬಾಯಿ ಹುಟ್ಟಿದ್ದು 1865ರಾಗ. ತವರಿನ ಹೆಸರು ಯಮುನಾ. ಒಂಬತ್ತು ವರ್ಷಕ್ಕ ಲಗ್ನ. ಗಂಡ ಗೋಪಾಳರಾವ್ ಜೋಶಿ ಪೋಸ್ಟಿನ್ಯಾಗ ಕಾರಕೂನ, ಆಕಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡಾಂವ. ಹದಿನಾಲ್ಕಕ್ಕ ಒಂದು ಗಂಡು ಕೂಸು ಹುಟ್ತು, ಹತ್ತು ದಿನಕ್ಕ ಹೋತು. ಆವಾಗ ಹೆಣ್ಣುಮಕ್ಕಳನ್ನ ನೋಡಲಿಕ್ಕೆ ಹೆಣ್ಣು ಡಾಕ್ಟರ್ ಎಲ್ಲಿ ಇದ್ರು? ಗಂಡಸು ಡಾಕ್ಟರ್ ಮುಂದ ಹೋಗಲಿಕ್ಕೆ ನಮ್ಮ ಹೆಂಗಸರಿಗೆ ನಾಚಿಕಿ. ತಾನ ಡಾಕ್ಟರ್ ಆಗಬೇಕು ಅಂತ ಆ ಹುಡುಗಿ ತಲ್ಯಾಗ ಕೂತದ್ದು ಅಲ್ಲಿಂದ.

ಈಗಿನ ಹುಡುಗ್ಯಾರಿಗೆ ಪಟ್ಟಿ ಅದ. ಯಾವುದು ಒಂದನೇ ನಂಬರು, ಯಾವುದು ನೂರನೇ ನಂಬರು, ಎಲ್ಲಾ ಮೊಬೈಲಿನ್ಯಾಗ ಸಿಗ್ತದ. ಆನಂದಿಬಾಯಿಗೆ ಪಟ್ಟಿ ಇರಲಿಲ್ಲ. ಹೆಣ್ಣುಮಕ್ಕಳಿಗೆ ಬಾಗಲಾ ತಗೀತಿದ್ದ ಕಾಲೇಜುಗಳ ಎಣಿಸಿದಷ್ಟ ಇದ್ವು. ನಮ್ಮ ದೇಶದಾಗ ಮದ್ರಾಸ್ ಮೆಡಿಕಲ್ ಕಾಲೇಜು 1875ರಿಂದ ಹೆಣ್ಣುಮಕ್ಕಳನ್ನ ಸೇರಿಸಿಕೊಳ್ತಿತ್ತು. ಕಲಕತ್ತಾ ಮೆಡಿಕಲ್ ಕಾಲೇಜು ಕಾದಂಬಿನಿ ಗಾಂಗೂಲಿಯವರನ್ನ ಸೇರಿಸಿಕೊಂಡದ್ದು ಆನಂದಿಬಾಯಿ ಹಡಗ ಹತ್ತಿ ಹೋದ ಮ್ಯಾಲ.

ಹಂಗಾದ್ರ ಅಮೇರಿಕಾದ ದಾರಿ ಹೆಂಗ ಸಿಕ್ತು? ಒಂದು ಪತ್ರದಿಂದ. ಗೋಪಾಳರಾವ್ ತನ್ನ ಹೆಂಡತಿಯನ್ನ ಓದಿಸಬೇಕು, ಸಹಾಯ ಮಾಡ್ರಿ ಅಂತ ವೈಲ್ಡರ್ ಅನ್ನೋ ಅಮೇರಿಕನ್ ಮಿಷನರಿಗೆ ಬರದ್ರು. ಆ ಮನುಷ್ಯಾ, ನೀವು ಕ್ರಿಶ್ಚನ್ ಆಗ್ರಿ, ಆಮ್ಯಾಲ ನೋಡೋಣ ಅನ್ನೋ ಹಂಗ ಉತ್ತರ ಕೊಟ್ಟು, ಎರಡೂ ಪತ್ರ ತನ್ನ ಪತ್ರಿಕೆದಾಗ ಛಾಪಿಸಿಬಿಟ್ಟಾ. ಗಂಡಾ-ಹೆಂಡತಿ ಇಬ್ರೂ ಧರ್ಮ ಬಿಡಲಿಕ್ಕೆ ತಯಾರಿರಲಿಲ್ಲ. ಅಲ್ಲಿಗೆ ಮಾತು ಮುಗೀತು ಅನಬೇಕು. ಆದ್ರ ನ್ಯೂಜೆರ್ಸಿಯ ರೋಸೆಲ್ ಅನ್ನೋ ಊರಾಗ ಥಿಯೋಡಿಸಿಯಾ ಕಾರ್ಪೆಂಟರ್ ಅಂತ ಒಬ್ಬ ಗೃಹಿಣಿ, ನಮ್ಮ ನಿಮ್ಮ ಹಂಗ ಮನಿ-ಮಕ್ಕಳು ಅಂತ ಇದ್ದಾಕಿ, ಹಲ್ಲಿನ ಡಾಕ್ಟರ್ ಕಡೆ ಪಾಳಿ ಕಾಯಕೋತ ಕೂತಾಗ ಆ ಹಳೇ ಪತ್ರಿಕೆ ತಗದು ಓದಿದ್ಲು. ಓದಿ ಸುಮ್ನ ಬಿಡಲಿಲ್ಲ, ಆನಂದಿಬಾಯಿಗೆ ಪತ್ರ ಬರದ್ಲು. ಅಲ್ಲಿಂದ ವರ್ಷಗಟ್ಟಲೆ ಪತ್ರ ಹೋದ್ವು, ಬಂದ್ವು. ಆನಂದಿಬಾಯಿ ಆಕಿನ್ನ ಮೌಶಿ ಅಂತ ಕರೀತಿದ್ಲು.

ಇಲ್ಲೆ ನಾ ಸ್ವಲ್ಪ ನಿಂತೆ. ನನ್ನ ಪಿ.ಯು.ಸಿ. ರಿಸಲ್ಟ್ ಬಂದಾಗ ಡಿಗ್ರಿ ಕಾಲೇಜು ಇದ್ದದ್ದು ಬ್ಯಾರೆ ಊರಾಗ, ಹಾಸ್ಟೆಲ್‌ನ್ಯಾಗ ಇರಬೇಕಿತ್ತು. ನಮ್ಮ ಅಪ್ಪಾ ಸಿಟ್ಟಿನ ಮನುಷ್ಯಾ ಅಲ್ಲ. ಒಂದ ಮಾತು ಕೇಳಿದ್ರು, "ಅಲ್ಲಿ ನಮ್ಮವರು ಯಾರಿದ್ದಾರ?" ಯಾರೂ ಇರಲಿಲ್ಲ. ಅಲ್ಲಿಗೆ ನನ್ನ ಓದು ಮುಗೀತು. ಆನಂದಿಬಾಯಿಗೂ ಊರ ಮಂದಿ ಕೇಳಿದ್ದು ಇದ ಪ್ರಶ್ನಿ. ಆಕಿ ಕಡೆ ಉತ್ತರ ಇತ್ತು. ನನ್ನ ಕಡೆ ಇರಲಿಲ್ಲ.

1883ರ ಫೆಬ್ರುವರಿ 24ಕ್ಕ ಸೆರಾಂಪುರ ಕಾಲೇಜಿನ ಹಾಲ್‌ನ್ಯಾಗ ಆನಂದಿಬಾಯಿ ಎದ್ದು ನಿಂತು ಇಂಗ್ಲಿಷಿನಾಗ ಭಾಷಣಾ ಮಾಡಿದ್ಲು. ಆವಾಗ ಗೋಪಾಳರಾವ್ ಅವರ ನೌಕರಿ ಆ ಊರಾಗ ಇತ್ತು. ಯಾಕ ಅಮೇರಿಕಾಕ್ಕ ಹೋಗ್ತಿ, ಇಲ್ಲೇ ಯಾಕ ಕಲಿಯಂಗಿಲ್ಲ, ಒಬ್ಬಾಕೀನ ಯಾಕ ಹೋಗ್ತಿ, ತಿರುಗಿ ಬಂದ ಮ್ಯಾಲ ಜಾತಿ ಹೊರಗ ಹಾಕಿದ್ರ ಏನ ಮಾಡ್ತಿ ಅಂತ ಮಂದಿ ಕೇಳ್ತಿದ್ದ ಪ್ರಶ್ನಿಗಳನ್ನ ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಟ್ಲು. ಹಿಂದೂ ಆಗೇ ಹೋಗ್ತೀನಿ, ಹಿಂದೂ ಆಗೇ ಬರ್ತೀನಿ ಅಂದ್ಲು. ಆಗ ಆಕಿಗೆ ಹದಿನೆಂಟೂ ತುಂಬಿರಲಿಲ್ಲ. ಏಪ್ರಿಲ್ ತಿಂಗಳಾಗ ಕಲಕತ್ತಾದಿಂದ ಹಡಗ ಹತ್ತಿದ್ಲು, ಜೂನಿನ್ಯಾಗ ನ್ಯೂಯಾರ್ಕ್ ಮುಟ್ಟಿದ್ಲು. ಬಂದರದಾಗ ಕಾರ್ಪೆಂಟರ್ ಮೌಶಿ ಬಂದು ಕರಕೊಂಡು ಹೋದ್ಲು.

ಕಾಲೇಜು ಯಾವುದು ಅನ್ನೋದನ್ನ ಸೂಚಿಸಿದವರು ಥಾರ್ಬರ್ನ್ ಅನ್ನೋ ಡಾಕ್ಟರ್ ದಂಪತಿ. ಫಿಲಡೆಲ್ಫಿಯಾದಾಗಿನ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜು. 1850ರಾಗ ಹೆಣ್ಣುಮಕ್ಕಳ ಸಲುವಾಗೇ ಶುರುವಾದದ್ದು. ಆನಂದಿಬಾಯಿ ಅರ್ಜಿ ಬರದ್ಲು. ಡೀನ್ ರೇಚಲ್ ಬಾಡ್ಲಿ ಅನ್ನೋ ಬಾಯಾರು ಸೇರಿಸಿಕೊಂಡ್ರು, ವಿದ್ಯಾರ್ಥಿವೇತನಾನೂ ಸಿಕ್ತು. ಈಗ ಲೆಕ್ಕ ಹಾಕ್ರಿ. ಬಾಗಲಾ ತಗದವರು ಯಾರು, ರೊಕ್ಕ ಹೆಂಗ, ಹತ್ರ ನಮ್ಮವರು ಅಂತ ಯಾರಿದ್ದಾರ. ಆಕಿ ಆರಿಸಿದ್ದು ಈ ಮೂರು ನೋಡಿ. ಹೆಸರಿನ ಮಾತು ಎಲ್ಲೂ ಬರೂದಿಲ್ಲ.

ಒಂದು ಮಾತ್ರ ನೋಡಲಿಲ್ಲ, ನೋಡಲಿಕ್ಕೆ ಆಗ್ತಿರಲಿಲ್ಲ. ಅದು ಚಳಿ. ಕಾರ್ಪೆಂಟರ್ ಮನ್ಯಾಗ ಇದ್ದಷ್ಟು ದಿನ ಒಂದು ಥರ. ಫಿಲಡೆಲ್ಫಿಯಾಕ್ಕ ಹೋದ ಮ್ಯಾಲ ಚಳಿ, ಒಗ್ಗದ ಊಟ, ಒಂಟಿತನ ಎಲ್ಲಾ ಸೇರಿ ಮೊದಲ ಸೂಕ್ಷ್ಮ ಇದ್ದ ಪ್ರಕೃತಿ ಕೆಡ್ತು. ಆಮ್ಯಾಲ ಕ್ಷಯ ಹಿಡೀತು. ಹಂಗಿದ್ರೂ 1886ರ ಮಾರ್ಚ್ 11ಕ್ಕ ಡಿಗ್ರಿ ತೊಗೊಂಡ್ಲು. ಆ ಸಮಾರಂಭಕ್ಕ ಪಂಡಿತಾ ರಮಾಬಾಯಿ ಬಂದಿದ್ರು. ನಮ್ಮ ಬೆಳಗಾವಿ ಬಾಜೂಕ ಇರೋ ಕೊಲ್ಹಾಪುರ ಸಂಸ್ಥಾನದವರು ತಮ್ಮ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿಗೆ ನೇಮಿಸಿದ್ರು. ವರ್ಷದ ಕಡೀಕ ತಿರುಗಿ ಬಂದ್ಲು, ಆದ್ರ ಆ ಕುರ್ಚಿ ಮ್ಯಾಲ ಕೂಡೂದು ಆಕಿ ಹಣೇದಾಗ ಇರಲಿಲ್ಲ. 1887ರ ಫೆಬ್ರುವರಿ 26ಕ್ಕ ಪುಣೆದಾಗ ಹೋಗಿಬಿಟ್ಲು. ಇಪ್ಪತ್ತೆರಡು ತುಂಬಿರಲಿಲ್ಲ. ಆಕಿಯ ಅಸ್ಥಿಯನ್ನ ಕಾರ್ಪೆಂಟರ್ ಮೌಶಿಗೆ ಕಳಿಸಿದ್ರು. ಆ ಮನಿತನದವರು ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಅನ್ನೋ ಊರಾಗ, ತಮ್ಮ ಮನಿಯವರ ಸಾಲಿನ್ಯಾಗ ಇಟ್ಟಾರ.

ಅಜ್ಜಿ ಇಲ್ಲಿ ತನಕ ಹೇಳಿ ಕಣ್ಣು ಒರಸಿಕೊಳ್ತಿದ್ರು. "ಅದಕ್ಕ ದೂರ ಹೋಗಬಾರದು" ಅಂತ ಒಮ್ಮೊಮ್ಮೆ ಅಂತಿದ್ರು. ನಾನೂ ಭಾಳ ವರ್ಷ ಹಂಗ ಅನಕೊಂಡಿದ್ದೆ. ಆದ್ರ ಕಥಿ ಆನಂದಿಬಾಯಿಗೇ ಮುಗಿಯಂಗಿಲ್ಲ.

1889ರಾಗ ರಖಮಾಬಾಯಿ ಹೋದ್ರು. ಸಣ್ಣಾಕಿದ್ದಾಗ ಮಾಡಿದ ಲಗ್ನ ಒಪ್ಪಂಗಿಲ್ಲ ಅಂತ ಕೋರ್ಟಿನ್ಯಾಗ ನಿಂತಿದ್ದ ಹೆಣ್ಣುಮಗಳು. ಆಕಿ ಆರಿಸಿದ್ದು ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ. ಯಾಕಂದ್ರ ಮುಂಬೈಯ ಕಾಮಾ ಆಸ್ಪತ್ರೆದಾಗ ಇದ್ದ ಡಾಕ್ಟರ್ ಈಡಿತ್ ಪೀಚಿ ಆಕಿ ಬೆನ್ನಿಗೆ ನಿಂತು, ರೊಕ್ಕ ಕೂಡಿಸಲಿಕ್ಕೂ ನೆರವಾದ್ರು. ರಖಮಾಬಾಯಿ ಕಲತು ತಿರುಗಿ ಬಂದು ಸೂರತ್ತಿನ್ಯಾಗ, ರಾಜಕೋಟದಾಗ ವರ್ಷಗಟ್ಟಲೆ ಡಾಕ್ಟರಕಿ ಮಾಡಿದ್ರು. ಇಲ್ಲೂ ಮೊದಲ ಒಬ್ಬ ಮನುಷ್ಯಾರು, ಆಮ್ಯಾಲ ಕಾಲೇಜು.

ಇನ್ನೊಂದು ಕಥಿ ನನಗ ಭಾಳ ಸೇರ್ತು. ಅಮೇರಿಕಾದ ಮಿಶಿಗನ್ ಯೂನಿವರ್ಸಿಟಿ ಆನ್ ಆರ್ಬರ್ ಅನ್ನೋ ಊರಾಗ ಅದ. ಅಲ್ಲಿಂದ 1896ರಾಗ ಚೀನಾದ ಇಬ್ಬರು ಹುಡುಗ್ಯಾರು, ಮೇರಿ ಸ್ಟೋನ್ ಮತ್ತ ಐಡಾ ಕಾನ್, ಡಾಕ್ಟರ್ ಆಗಿ ತಮ್ಮ ದೇಶಕ್ಕ ಹೋದ್ರು. ಲೀವೈ ಬಾರ್ಬರ್ ಅಂತ ಆ ಯೂನಿವರ್ಸಿಟಿಯ ಆಡಳಿತ ಮಂಡಳಿದಾಗ ಇದ್ದ ವಕೀಲರು ಏಷ್ಯಾ ಪ್ರವಾಸಕ್ಕ ಹೋದಾಗ ಅಂಥಾ ಹೆಣ್ಣುಮಕ್ಕಳ ಕೆಲಸಾ ಕಣ್ಣಾರೆ ನೋಡಿದ್ರು. ನೋಡಿ, ಏಷ್ಯಾದ ಹೆಣ್ಣುಮಕ್ಕಳಿಗೆ ಅಂತ 1917ರಾಗ ಒಂದು ವಿದ್ಯಾರ್ಥಿವೇತನ ಶುರು ಮಾಡಿದ್ರು. ಅದ ಬಾರ್ಬರ್ ಸ್ಕಾಲರ್‌ಶಿಪ್. ಆ ಇಬ್ಬರು ಚೀನಾ ಹುಡುಗ್ಯಾರಿಗೆ, ತಾವು ಚಂದಾಗಿ ಕೆಲಸಾ ಮಾಡಿದ್ದಕ್ಕ ಯಾರಿಗೋ ಬಾಗಲಾ ತಗೀತದ ಅಂತ ಗೊತ್ತಿದ್ದಿರಲಿಕ್ಕಿಲ್ಲ.

ಆ ಬಾಗಲಾ ಹಿಡದು 1924ರಾಗ ತಲಶೇರಿಯ ಜಾನಕಿ ಅಮ್ಮಾಳ್ ಹೋದ್ರು. ಸಸ್ಯಶಾಸ್ತ್ರ ಕಲತ್ರು. 1931ರಾಗ ಅಲ್ಲಿಂದ ಡಾಕ್ಟರೇಟ್ ತೊಗೊಂಡ್ರು. ಆಮ್ಯಾಲ ಕೊಯಮತ್ತೂರಿನ್ಯಾಗ ಕಬ್ಬಿನ ಮ್ಯಾಲ ಕೆಲಸಾ ಮಾಡಿದ್ರು.

ಅದ ಊರಿಗೆ ನಮ್ಮ ಕರ್ನಾಟಕದ ಹೆಣ್ಣುಮಗಳೂ ಹೋದ್ರು. ರಾಜೇಶ್ವರಿ ಚಟರ್ಜಿ. 1922ರಾಗ ಹುಟ್ಟಿದವರು, ನಂಜನಗೂಡಿನ ವಕೀಲರ ಮಗಳು. ಇವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರ ಹೆಣ್ಣುಮಕ್ಕಳೊಳಗ ಒಬ್ಬರು. ನೋಡ್ರಿ, ಅಜ್ಜಿ ಓದಿದ್ರ ಮೊಮ್ಮಗಳ ಕೆಲಸಾ ಅರ್ಧಾ ಆದಂಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ್ಯಾಗ ಗಣಿತದಾಗ ಎಂ.ಎಸ್ಸಿ. ಮಾಡಿ, 1943ರಾಗ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ರು. ಮುಂದ ದಿಲ್ಲಿ ಸರಕಾರದ ವಿದ್ಯಾರ್ಥಿವೇತನ ಸಿಕ್ಕು, 1947ರ ಜುಲೈದಾಗ, ಸ್ವಾತಂತ್ರ್ಯ ಬರೂಕಿಂತ ಸ್ವಲ್ಪ ಮೊದಲ, ಸುಮಾರು ಒಂದು ತಿಂಗಳ ಹಡಗಿನ ಪ್ರಯಾಣಾ ಮಾಡಿ ಅಮೇರಿಕಾಕ್ಕ ಹೋದ್ರು. ಮಿಶಿಗನ್ನಿನ್ಯಾಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ್ಯಾಗ ಎಂಟು ತಿಂಗಳ ತರಬೇತಿ. ಮತ್ತ ಮಿಶಿಗನ್ನಿಗೆ ಬಂದಾಗ ಕೈ ಹಿಡದದ್ದು ಅದ ಬಾರ್ಬರ್ ಸ್ಕಾಲರ್‌ಶಿಪ್. 1953ರಾಗ ಡಾಕ್ಟರೇಟ್ ಮುಗಿಸಿ ಬೆಂಗಳೂರಿಗೆ ತಿರುಗಿ ಬಂದು, ವಿಜ್ಞಾನ ಸಂಸ್ಥೆದಾಗ ಪಾಠಾ ಹೇಳಲಿಕ್ಕೆ ನಿಂತ್ರು. ಅಲ್ಲಿ ಗಂಡನ ಜೋಡಿ ಮೈಕ್ರೋವೇವ್ ಮ್ಯಾಲ ಸಂಶೋಧನಾ ಮಾಡಿದ್ರು. ನಮ್ಮ ಅಡಗಿ ಮನಿ ಮೈಕ್ರೋವೇವ್ ಅಲ್ಲ ಮತ್ತ, ರಡಾರಿಗೆ, ಸಂಪರ್ಕಕ್ಕ ಬೇಕಾದ ಅಲೆಗಳು, ಆಂಟೆನಾಗಳು.

ಇಷ್ಟೆಲ್ಲಾ ಓದಿ ಹುಡುಗಿಗೆ ಹೇಳಿದೆ. "ನೋಡವಾ, ಯಾವ ಯೂನಿವರ್ಸಿಟಿ ಅಂತ ಹೇಳೂವಷ್ಟು ನಾ ಕಲತಿಲ್ಲ. ಆದ್ರ ನಾಲ್ಕು ಪ್ರಶ್ನಿ ಕೇಳು. ನಿನಗ ಬೇಕಾದ್ದನ್ನ ಕಲಿಸುವಂಥ ಮಾಸ್ತರು ಅಲ್ಲಿ ಇದ್ದಾರೇನು? ರೊಕ್ಕ ಎಲ್ಲಿಂದ ಬರ್ತದ, ಎರಡನೇ ವರ್ಷ ಅದು ನಿಂತ್ರ ಏನ ಗತಿ? ಚಳಿಯಾಗ ನಿನ್ನ ಖೋಲಿ ಬೆಚ್ಚಗ ಇರ್ತದೇನು, ಅಡಗಿ ಮಾಡಿಕೊಳ್ಳಲಿಕ್ಕೆ ಜಾಗಾ ಅದ ಏನು, ಜ್ವರಾ ಬಂದ್ರ ದವಾಖಾನಿಯ ಬಿಲ್ಲು ಯಾರು ಕೊಡ್ತಾರ? ಮತ್ತ ನಿನಗಿಂತ ಮೊದಲ ಹೋದ ಹುಡುಗ್ಯಾರು ಈಗ ಏನ ಮಾಡಲಿಕ್ಕತ್ತಾರ?"

ಮೂರನೇ ಪ್ರಶ್ನಿ ಕೇಳುವಾಗ ನನ್ನ ದನಿ ಸ್ವಲ್ಪ ನಡಗ್ತು. ಆಕಿ ನಗಲಿಲ್ಲ. ಎರಡೂ ಕಡೆ ಓದಲಿಕ್ಕತ್ತಿದ್ದ ಹುಡುಗ್ಯಾರಿಗೆ ಪತ್ರ ಬರದ್ಲು. ದೊಡ್ಡ ಹೆಸರಿನ ಕಡೆಯಿಂದ ಎರಡು ಸಾಲು ಬಂತು, ಎಲ್ಲಾ ಚಲೋ ಅದ ಅಂತ. ಸಣ್ಣ ಊರಿಂದ ಒಂದು ಹುಡುಗಿ ಎರಡು ಪುಟ ಬರದ್ಲು. ಯಾವ ಮಾಸ್ತರು ಕಟ್ಟುನಿಟ್ಟು, ಯಾರು ತಾಳ್ಮೆಯಿಂದ ಕಲಿಸ್ತಾರ, ಜನವರಿದಾಗ ಯಾವ ಬೂಟು ಬೇಕು, ತೊಗರಿಬ್ಯಾಳಿ ಎಷ್ಟು ದೂರ ಹೋದ್ರ ಸಿಗ್ತದ, ವಿಮಾದಾಗ ಏನೇನು ಬರಂಗಿಲ್ಲ. ಬಂದ ದಿನ ಕರಕೊಂಡು ಹೋಗಲಿಕ್ಕೆ ತಾನ ಬರ್ತೀನಿ ಅಂತ ಕಡೀಕ ಬರದಿದ್ಲು.

ಏಪ್ರಿಲ್ 12ಕ್ಕ ಹುಡುಗಿ ಸಣ್ಣ ಊರಿಗೆ ಹೂಂ ಅಂದ್ಲು. ನನ್ನ ತಮ್ಮ ಎರಡು ದಿನಾ ಸರಿಯಾಗಿ ಮಾತಾಡಲಿಲ್ಲ. ಅವನ ಆಸೆ ತಪ್ಪು ಅಂತ ನಾ ಅನಂಗಿಲ್ಲ. ದೊಡ್ಡ ಹೆಸರಿನ ಕಡೆ ನೌಕರಿ ಲಗೂನ ಸಿಗ್ತಿತ್ತೇನೋ, ಅದೂ ಖರೇ ಇರಬಹುದು. ಆದ್ರ ಮನಿ ಪತ್ರ ಕಪಾಟಿನ್ಯಾಗ ಉಳೀತು. ಹುಡುಗಿ ಸಾಲದ ಹೆದರಿಕಿ ಇಲ್ಲದ ಕಲೀತಾಳ.

ಆಗಸ್ಟಿಗೆ ಹೊಂಟಾಳ. ನಾ ಆಕಿಗೆ ಮೆಂತೆಹಿಟ್ಟು, ಚಟ್ನಿಪುಡಿ ಮಾಡಲಿಕ್ಕತ್ತೀನಿ. ಎರಡು ಉಣ್ಣೆ ಸ್ವೆಟರ್ ಹೆಣದೂ ಇಟ್ಟೀನಿ. ಅಲ್ಲಿಯ ಚಳಿಗೆ ಇವು ಸಾಲಂಗಿಲ್ಲ ಅತ್ಯಾ ಅಂತಾಳ. ಇರಲಿ, ಒಳಗ ಹಾಕೊ ಅಂದೀನಿ.

ಮೌಶಿ, ಆ ಯೂನಿವರ್ಸಿಟಿ ಎಲ್ಲಿ ಬರ್ತದ ಅಂತ ಕೇಳಿದ್ರಲ್ಲಾ. ಮುಂದಿನ ಶುಕ್ರವಾರ ಬರ್ರಿ, ಮೊಮ್ಮಗಳನ್ನೂ ಕರಕೊಂಡು ಬರ್ರಿ. ಮೊಬೈಲಿನ ನಕಾಶೆದಾಗ ಹುಡುಗಿ ತಾನ ತೋರಸ್ತಾಳ. ನಾಳೆ ನಿಮ್ಮ ಮೊಮ್ಮಗಳು ಹೊಂಟಾಗ "ಅಲ್ಲಿ ನಮ್ಮವರು ಯಾರಿದ್ದಾರ?" ಅಂತ ಕೇಳಿದ್ರ, ಹೇಳಲಿಕ್ಕೆ ಒಂದು ಹೆಸರಾದ್ರೂ ಇರ್ತದ.