ಗೋರಿಯಿಲ್ಲದ ನೂರ್

ಕಮತಗಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ನಮಗೆ ಟಿಪ್ಪು ಸುಲ್ತಾನ್ ದೂರದ ಶ್ರೀರಂಗಪಟ್ಟಣದವರು ಮಾತ್ರವಲ್ಲ. ನಮ್ಮ ಬಾದಾಮಿಯ ಕೋಟೆಯೂ ಅವರ ವಶದಲ್ಲಿತ್ತು. 1786ರಲ್ಲಿ ಪೇಶ್ವೆ ಮತ್ತು ನಿಜಾಮರ ಸೇನೆಗಳು ಅದನ್ನು ಕಸಿದುಕೊಂಡವು. 1799ರ ಮೇ 4ರಂದು ಸುಲ್ತಾನರು ಇಂಗ್ಲಿಷರೊಡನೆ ಕಾದಾಡುತ್ತಲೇ ಮಡಿದರು. ಅವರ ವಂಶದ ಹೆಣ್ಣುಮಗಳೊಬ್ಬಳು 145 ವರ್ಷಗಳ ಬಳಿಕ ಅದೇ ಇಂಗ್ಲಿಷರ ಸಮವಸ್ತ್ರದಲ್ಲಿ ಪ್ರಾಣ ಕೊಟ್ಟಳೆಂದರೆ ಅಚ್ಚರಿಯಾಗುತ್ತದೆ. ಆಕೆ ನೂರ್ ಇನಾಯತ್ ಖಾನ್.

ನೂರ್‌ಳ ತಂದೆ ಬರೋಡಾದಲ್ಲಿ ಹುಟ್ಟಿದ ಸೂಫಿ ಸಂಗೀತಗಾರ ಹಝ್ರತ್ ಇನಾಯತ್ ಖಾನ್. ಅವರ ತಾಯಿಯ ತಂದೆ ಮೌಲಾಬಕ್ಷ್ ಮೈಸೂರು ಆಸ್ಥಾನದಲ್ಲಿ ಗೌರವ ಪಡೆದ ಗಾಯಕರು. ಮೌಲಾಬಕ್ಷರ ಪತ್ನಿ ಟಿಪ್ಪು ವಂಶದವರೆಂಬುದು ಆ ಕುಟುಂಬದ ಪರಂಪರಾಗತ ಮಾತು. ನೂರ್‌ಳ ತಾಯಿ ಅಮೆರಿಕದವರು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಬಳಿ. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗಾಗಿ ಕತೆ ಬರೆಯುತ್ತಿದ್ದಳು. ಜಾತಕ ಕತೆಗಳನ್ನು ಆಕೆ ಇಂಗ್ಲಿಷಿನಲ್ಲಿ ಹೇಳಿದ ಪುಸ್ತಕ 1939ರಲ್ಲಿ ಪ್ರಕಟವಾಯಿತು.

1940ರಲ್ಲಿ ಹಿಟ್ಲರನ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಅಹಿಂಸೆಯ ಪಾಠದಲ್ಲಿ ಬೆಳೆದಿದ್ದರೂ ಇಂತಹ ದೌರ್ಜನ್ಯದೆದುರು ಕೈಕಟ್ಟಿ ಕೂರುವುದು ಸರಿಯಲ್ಲವೆಂದು ನೂರ್ ಮತ್ತು ತಮ್ಮ ವಿಲಾಯತ್ ತೀರ್ಮಾನಿಸಿದರು. ಆಕೆ ಮಹಿಳಾ ಸಹಾಯಕ ವಾಯುಪಡೆ ಸೇರಿ ವೈರ್‌ಲೆಸ್ ಕಲಿತಳು. ಯುದ್ಧ ಮುಗಿದ ಬಳಿಕ ಭಾರತದ ಸ್ವಾತಂತ್ರ್ಯಕ್ಕೆ ತನ್ನ ಬೆಂಬಲವೆಂದು ಅಧಿಕಾರಿಗಳೆದುರೇ ಹೇಳಿದ್ದಳೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಹಾಗಾಗಿ ಈ ಸಮವಸ್ತ್ರ ಗುಲಾಮಗಿರಿಯ ಗುರುತಾಗಿರಲಿಲ್ಲ.

1943ರ ಜೂನ್‌ನಲ್ಲಿ ಆಕೆಯನ್ನು ಗುಪ್ತವಾಗಿ ಫ್ರಾನ್ಸಿಗೆ ಕಳುಹಿಸಲಾಯಿತು. ಕೆಲವೇ ದಿನಗಳಲ್ಲಿ ಸಂಗಾತಿಗಳು ಒಬ್ಬೊಬ್ಬರಾಗಿ ಸೆರೆಸಿಕ್ಕರು. ಲಂಡನ್ ಮರಳಿ ಬಾ ಎಂದಿತು. ಸಂಪರ್ಕ ಕಡಿದುಹೋಗುತ್ತದೆಂದು ನೂರ್ ಒಪ್ಪಲಿಲ್ಲ. ಇಂತಹ ಕೆಲಸದಲ್ಲಿ ಆರು ವಾರ ಉಳಿದರೆ ಹೆಚ್ಚು ಎಂಬ ಅಂದಾಜಿದ್ದ ಕಾಲದಲ್ಲಿ, ವೈರ್‌ಲೆಸ್ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆಯುತ್ತ ಸುಮಾರು ನಾಲ್ಕು ತಿಂಗಳು ಸಂದೇಶ ಕಳುಹಿಸಿದಳು. ಅಕ್ಟೋಬರಿನಲ್ಲಿ ಯಾರದೋ ದ್ರೋಹದಿಂದ ಬಂಧಿತಳಾದಳು.

ಆಕೆಯಿಂದ ತಪ್ಪೂ ಆಗಿತ್ತು. ಕಳುಹಿಸಿದ ಸಂದೇಶಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಜರ್ಮನರು ಅದನ್ನು ಬಳಸಿ ಲಂಡನ್ನನ್ನು ವಂಚಿಸಿದರು, ಬೇರೆ ಗುಪ್ತಚರರೂ ಸಿಕ್ಕಿಬಿದ್ದರು. ಆದರೆ ವಿಚಾರಣೆಯಲ್ಲಿ ಆಕೆ ಏನನ್ನೂ ಹೇಳಲಿಲ್ಲವೆಂದು ಅಲ್ಲಿದ್ದ ಜರ್ಮನ್ ಅಧಿಕಾರಿಯೇ ಯುದ್ಧಾನಂತರ ಹೇಳಿಕೆ ಕೊಟ್ಟ. ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದ ಆಕೆಯನ್ನು ಹತ್ತು ತಿಂಗಳು ಸಂಕೋಲೆಯಲ್ಲಿಟ್ಟರು. 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರೊಂದಿಗೆ ಗುಂಡಿಟ್ಟು ಕೊಂದರು. ಆಗ ಆಕೆಗೆ ಮೂವತ್ತು ವರ್ಷ.

ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ನೀಡಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಪ್ರತಿಮೆ ಸ್ಥಾಪನೆಯಾಯಿತು, 2020ರಲ್ಲಿ ಆಕೆ ವಾಸವಿದ್ದ ಮನೆಗೆ ಸ್ಮರಣಫಲಕ ಬಂತು. ಗೋರಿ ಮಾತ್ರ ಇಲ್ಲ. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿ, ಸಮಾಧಿ ಸಿಗದ ಸಾವಿರಾರು ಹೆಸರುಗಳ ನಡುವೆ ಆಕೆಯ ಹೆಸರೂ ಇದೆ.

ಸುಲ್ತಾನರ ವಂಶದವಳೆಂದು ಹೆಮ್ಮೆಪಟ್ಟು ಸುಮ್ಮನಾಗುವುದು ನಮಗೆ ಸುಲಭ. ವಂಶ ಆಕೆ ಆರಿಸಿಕೊಂಡದ್ದಲ್ಲ. ಮರಳುವ ದಾರಿ ತೆರೆದಿದ್ದಾಗಲೂ ಉಳಿದದ್ದು ಆಕೆಯ ಸ್ವಂತ ಆಯ್ಕೆ. ಮನೆಯ ಮಕ್ಕಳಿಗೆ ನೂರ್‌ಳ ಕತೆ ಹೇಳುವಾಗ ಆ ತಪ್ಪನ್ನೂ ಮರೆಮಾಚದೆ, ಈ ಆಯ್ಕೆಯನ್ನು ಮೊದಲು ಹೇಳೋಣ.